ಹಾಲು, ಹುಲಿ, ಹೊಲ: ಮಷಿನ್ ಕನ್ನಡಕ್ಕೆ ಮಾರ್ಕ್ಸ್ ಕೊಡುವುದು ಹೇಗೆ?

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಮಾಟುಂಗಾ ಪೂರ್ವ. ಹೂವಿನ ಅಂಗಡಿ, ಬಾಳೆ ಎಲೆ, ಉಡುಪಿ ಹೋಟೆಲ್, ಆ ಕಡೆ ಮೈಸೂರು ಅಸೋಸಿಯೇಷನ್. ಮುಂಬೈಯಲ್ಲಿ ಕನ್ನಡ ಕೇಳಬೇಕು ಅನ್ನಿಸಿದರೆ ನಾನು ಇಲ್ಲಿಗೆ ಬರುತ್ತೇನೆ. ಕನ್ನಡ ಕೇಳುವುದೇ ನನ್ನ ಕೆಲಸ ಕೂಡ. ಕಂಪ್ಯೂಟರ್‌ಗೆ ಕನ್ನಡ ಮಾತು ಕೇಳಿಸಿ, ಅದು ಅಕ್ಷರದಲ್ಲಿ ಬರೆಯುವ ಹಾಗೆ ಮಾಡುವುದು. ಸ್ಪೀಚ್ ರೆಕಗ್ನಿಷನ್ ಅಂತಾರಲ್ಲ, ಅದೇ.

ಎಐ ಬಗ್ಗೆ ಬರುವ ವಿಡಿಯೋಗಳಲ್ಲಿ ಎಲ್ಲರೂ ಮಾಡೆಲ್ ಬಗ್ಗೆಯೇ, ಅಂದರೆ ಡೇಟಾ ನೋಡಿ ಕಲಿತ ಪ್ರೋಗ್ರಾಂ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ದೊಡ್ಡದು, ಎಷ್ಟು ಡೇಟಾ ತಿಂದಿದೆ, ಅದನ್ನು ನಡೆಸಲು ಜಿಪಿಯು ಅನ್ನುವ ಚಿಪ್ ಎಷ್ಟು ಬೇಕು. ನಾನು ಇವತ್ತು ಹೇಳಬೇಕು ಅಂತಿರುವುದು ಅಳತೆಯ ಬಗ್ಗೆ. ಒಂದು ಮಾಡೆಲ್‌ಗೆ ಕನ್ನಡ ಬರುತ್ತದೆ ಅಂತ ನಾವು ಯಾವ ಲೆಕ್ಕದ ಮೇಲೆ ಹೇಳುತ್ತೇವೆ? ಆ ಲೆಕ್ಕ ಕನ್ನಡಕ್ಕೆ ಹೊಂದುತ್ತದಾ? ತುಂಬಾ ಸಲ ಹೊಂದುವುದಿಲ್ಲ. ಇದನ್ನು ಗಮನಿಸಬೇಕಾದವರು ಕನ್ನಡ ಓದಲು ಬರುವ ನಾವೇ.

ಸರಿ, ಟ್ರೈನ್ ಹತ್ತೋಣ. ಕಾಂಜೂರ್‌ಮಾರ್ಗ್‌ವರೆಗೆ ಸ್ಲೋ ಲೋಕಲ್. ಈ ಹೊತ್ತಿಗೆ ಕೂರಲು ಜಾಗ ಸಿಗುತ್ತದೆ.

ಮೊದಲು ಅಳತೆ ಏನು ಅಂತ ನೋಡೋಣ. ಅದಕ್ಕೆ ವರ್ಡ್ ಎರರ್ ರೇಟ್ ಅನ್ನುತ್ತಾರೆ. ಒಬ್ಬ ಮನುಷ್ಯ ಆಡಿಯೋ ಕೇಳಿ ಸರಿಯಾಗಿ ಬರೆದಿರುತ್ತಾನೆ. ಅದೇ ಆಡಿಯೋವನ್ನು ಮಷಿನ್ ಕೂಡ ಬರೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಪದ ಬದಲಾಗಿದೆ, ಎಷ್ಟು ಬಿಟ್ಟುಹೋಗಿದೆ, ಎಷ್ಟು ಸುಮ್ನೆ ಸೇರಿಕೊಂಡಿದೆ ಅಂತ ಎಣಿಸಬೇಕು. ಮೂರನ್ನೂ ಕೂಡಿಸಿ, ಸರಿ ಬರಹದಲ್ಲಿರುವ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಎರಡು ಬರಹಗಳ ನಡುವಿನ ಅಂತರವನ್ನು ಹೀಗೆ ಎಣಿಸುವ ಲೆಕ್ಕ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟಿದ್ದು. ಲೆಕ್ಕದಲ್ಲಿ ಏನೂ ತೊಂದರೆ ಇಲ್ಲ. ಲೆಕ್ಕಕ್ಕೆ ಮುಂಚೆ ನಾವು ಬರಹಕ್ಕೆ ಏನು ಮಾಡುತ್ತೇವೆ ಅನ್ನುವುದರಲ್ಲಿ ತೊಂದರೆ ಇದೆ.

ಯಾಕೆಂದರೆ ಎರಡು ಬರಹವನ್ನು ಹೋಲಿಸುವ ಮೊದಲು ಸ್ವಲ್ಪ ಸ್ವಚ್ಛ ಮಾಡಬೇಕಾಗುತ್ತದೆ. ಒಂದರಲ್ಲಿ ಪೂರ್ಣವಿರಾಮ ಇದೆ, ಇನ್ನೊಂದರಲ್ಲಿ ಇಲ್ಲ ಅಂದುಕೊಳ್ಳಿ. ಅದನ್ನು ತಪ್ಪು ಅಂತ ಎಣಿಸಬಾರದಲ್ವಾ? ಈ ಸ್ವಚ್ಛ ಮಾಡುವ ಪ್ರೋಗ್ರಾಂಗೆ ನಾರ್ಮಲೈಸರ್ ಅಂತ ಹೆಸರು. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ವಿಸ್ಪರ್ ಅನ್ನುವ ಮಾಡೆಲ್ ಬಿಡುಗಡೆ ಮಾಡಿತು. 6,80,000 ಗಂಟೆ ಆಡಿಯೋ ಕೇಳಿಸಿ ಕಲಿಸಿದ ಮಾಡೆಲ್ ಅದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಂಶೋಧನೆ ಮಾಡುವವರಿಗೆ ಅದು ದೊಡ್ಡ ಉಪಕಾರ, ನಾನೂ ದಿನಾ ಬಳಸುತ್ತೇನೆ. ಅದರ ಜೊತೆಗೆ ಎರಡು ನಾರ್ಮಲೈಸರ್ ಬರುತ್ತವೆ. ಒಂದು ಇಂಗ್ಲಿಷಿಗೆ, ಇನ್ನೊಂದು ಉಳಿದ ಎಲ್ಲ ಭಾಷೆಗಳಿಗೆ. ಕನ್ನಡ ಎರಡನೆಯದರ ಪಾಲಿಗೆ ಬಂತು.

ಈ ಎರಡನೆಯದು ಮಾಡುವುದು ಇಷ್ಟೇ. ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಅದು ಪ್ರತಿ ಅಕ್ಷರವನ್ನೂ ಒಂದು ಗುಂಪಿಗೆ ಸೇರಿಸಿದೆ. ಚಿಹ್ನೆಗಳು ಒಂದು ಗುಂಪು, ವಿರಾಮ ಚಿಹ್ನೆಗಳು ಒಂದು ಗುಂಪು, ಅಕ್ಷರಕ್ಕೆ ಅಂಟಿಕೊಳ್ಳುವ ಗುರುತುಗಳದು ಇನ್ನೊಂದು, ಅದಕ್ಕೆ ಮಾರ್ಕ್ ಅಂತ ಹೆಸರು. ಈ ಮೂರು ಗುಂಪಿನದು ಏನೇ ಸಿಕ್ಕರೂ ಅದನ್ನು ತೆಗೆದು ಆ ಜಾಗದಲ್ಲಿ ಖಾಲಿ ಸ್ಥಳ ಇಡುತ್ತದೆ. ಯುರೋಪಿನ ಭಾಷೆಗಳಿಗೆ ಇದರಿಂದ ಅಂಥ ನಷ್ಟವಿಲ್ಲ. ಆದರೆ ನಮ್ಮ ಕಾಗುಣಿತದ ದೀರ್ಘ, ಗುಡಿಸು, ಕೊಂಬು, ಏತ್ವ, ಓತ್ವ, ಜೊತೆಗೆ ಅನುಸ್ವಾರ, ಒತ್ತಕ್ಷರ ಮಾಡುವ ಹಲಂತ, ಇವೆಲ್ಲ ಯೂನಿಕೋಡ್‌ನಲ್ಲಿ ಮಾರ್ಕ್ ಗುಂಪಿನಲ್ಲೇ ಇವೆ.

ಈಗ ಸ್ಕ್ರೀನ್ ನೋಡಿ. 'ಹಾಲು' ಅಂತ ಬರೆದಿದ್ದೇನೆ. ದೀರ್ಘ ಹೋಯಿತು, ಕೊಂಬು ಹೋಯಿತು. ಉಳಿದದ್ದು 'ಹ', ಖಾಲಿ, 'ಲ'. ಈಗ 'ಹುಲಿ'. ಕೊಂಬು ಹೋಯಿತು, ಗುಡಿಸು ಹೋಯಿತು. 'ಹ', ಖಾಲಿ, 'ಲ'. ಇನ್ನೊಂದು, 'ಹೊಲ'. ಮತ್ತೆ ಅದೇ 'ಹ', ಖಾಲಿ, 'ಲ'. ಹಾಲು, ಹುಲಿ, ಹೊಲ ಮೂರೂ ಒಂದೇ ಆಗಿಬಿಟ್ಟವು.

ಒಂದು ಪೂರ್ತಿ ವಾಕ್ಯ ತೆಗೆದುಕೊಳ್ಳೋಣ. 'ಬೆಳಿಗ್ಗೆ ಆರು ಗಂಟೆಗೆ ಹಾಲು ಬರುತ್ತೆ.' ಐದು ಪದ. ಮಷಿನ್ 'ಬೆಳಿಗ್ಗೆ ಆರು ಗಂಟೆಗೆ ಹುಲಿ ಬರುತ್ತೆ' ಅಂತ ಬರೆಯಿತು ಅಂದುಕೊಳ್ಳಿ. ನೀವೂ ನಾನೂ ಎಣಿಸಿದರೆ ಐದರಲ್ಲಿ ಒಂದು ತಪ್ಪು, ಶೇಕಡಾ 20. ಆ ನಾರ್ಮಲೈಸರ್ ಮೂಲಕ ಹಾಯಿಸಿ ಎಣಿಸಿದರೆ ತಪ್ಪು ಸೊನ್ನೆ. ನೂರಕ್ಕೆ ನೂರು ಮಾರ್ಕ್ಸ್! ಅಷ್ಟೇ ಅಲ್ಲ, ಬೆಳಿಗ್ಗೆ ಅನ್ನುವ ಒಂದು ಪದ 'ಬ', 'ಳ', 'ಗ', 'ಗ' ಅಂತ ನಾಲ್ಕು ತುಂಡಾಗಿದೆ. ಎಲ್ಲ ಸೇರಿ ಐದು ಪದದ ವಾಕ್ಯ ಹದಿಮೂರು ತುಂಡಾಯಿತು. ತಪ್ಪಿನ ಎಣಿಕೆ ಇಳಿಯಿತು, ಭಾಗಿಸುವ ಸಂಖ್ಯೆ ಏರಿತು. ಎರಡೂ ಕಡೆಯಿಂದ ಫಲಿತಾಂಶ ಚೆಂದ ಕಾಣುತ್ತದೆ. ತಕ್ಕಡಿಯೇ ಹೀಗಿದ್ದರೆ ಅದರಲ್ಲಿ ತೂಗಿದ್ದನ್ನು ಯಾರು ನಂಬಬೇಕು?

ಇದು ನಾನೊಬ್ಬ ಹೇಳುತ್ತಿರುವ ಮಾತಲ್ಲ. 2024ರಲ್ಲಿ ಕೇರಳದ ಸಂಶೋಧಕರು ಇದರ ಮೇಲೆಯೇ ಒಂದು ಪೇಪರ್ ಬರೆದರು. ಭಾರತದ ಲಿಪಿಗಳಲ್ಲಿ ಇಂಥ ನಾರ್ಮಲೈಸರ್ ಬಳಸಿದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ ಅಂತ ತೋರಿಸಿದರು. ಮಲಯಾಳಂ ಗೊತ್ತಿದ್ದವರು, ಮಲಯಾಳಂ ಅಕ್ಷರಗಳನ್ನು ಕಣ್ಣಿಟ್ಟು ನೋಡಿದವರು. ನನಗೆ ಆ ಪೇಪರ್ ತುಂಬಾ ಇಷ್ಟ. ಹೊಸ ಮಾಡೆಲ್ ಇಲ್ಲ, ದೊಡ್ಡ ಜಿಪಿಯು ಇಲ್ಲ. ಭಾಷೆ ಗೊತ್ತು, ತಾಳ್ಮೆ ಇದೆ. ಅಂಥ ಕೆಲಸಕ್ಕೆ ಸಂಶೋಧನೆಯಲ್ಲಿ ಸಿಗಬೇಕಾದಷ್ಟು ಗೌರವ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಾಂಜೂರ್‌ಮಾರ್ಗ್ ಬಂತು. ಇಲ್ಲಿಂದ ಪೊವಾಯಿಗೆ ಆಟೋ. ಈ ಕಡೆ ಭಾಷೆಯ ಕೆಲಸ ಇವತ್ತು ನಿನ್ನೆಯದಲ್ಲ. ಐಐಟಿ ಬಾಂಬೆಯಲ್ಲಿ ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆ ಅಂತಲೇ 2000ದಲ್ಲಿ ಒಂದು ಕೇಂದ್ರ ಶುರುವಾಯಿತು.

ಇನ್ನೊಂದು ತೊಡಕು ಇದಕ್ಕೆ ಉಲ್ಟಾ. ಅಲ್ಲಿ ಕನ್ನಡಕ್ಕೆ ಸುಮ್ನೆ ಮಾರ್ಕ್ಸ್ ಸಿಗುತ್ತಿತ್ತು, ಇಲ್ಲಿ ಸುಮ್ನೆ ಕಳೆದುಹೋಗುತ್ತದೆ. ನಾವು ಪದಗಳನ್ನು ಸೇರಿಸಿ ಮಾತಾಡುವವರು. ಫೋನಲ್ಲಿ ಎಲ್ಲಿದ್ದೀಯಾ ಅಂತ ಕೇಳಿದರೆ 'ಮನೇಲಿದ್ದೀನಿ' ಅಂತೀವಿ. ಒಂದೇ ಪದ. ಮಷಿನ್ ಅದನ್ನು 'ಮನೆಯಲ್ಲಿ ಇದ್ದೀನಿ' ಅಂತ ಬರೆದರೆ ಏನು ತಪ್ಪು? ಓದುವವರಿಗೆ ಏನೂ ತಪ್ಪಿಲ್ಲ. ಲೆಕ್ಕದಲ್ಲಿ ಮಾತ್ರ ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು. ಒಂದು ಪದಕ್ಕೆ ಎರಡು ತಪ್ಪು, ಶೇಕಡಾ 200. ಹೌದು, ಈ ಅಳತೆ ನೂರನ್ನೂ ದಾಟುತ್ತದೆ. ಇದರ ಮೇಲೆ ಕಣ್ಣಿಗೆ ಕಾಣದ ಅಕ್ಷರಗಳ ಕಾಟ ಬೇರೆ. 'ಸ್ಟೇಷನ್‌ಗೆ' ಅಂತ ಬರೆಯುವಾಗ 'ನ್' ಮತ್ತು 'ಗೆ' ಅಂಟಿ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಕಾಣದ ಯೂನಿಕೋಡ್ ಗುರುತು ಇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಅಷ್ಟಕ್ಕೇ ಇಡೀ ಪದ ತಪ್ಪು ಅಂತ ಎಣಿಕೆ ಆಗಿಬಿಡುತ್ತದೆ. ಆರು ಅಂತ ಅಕ್ಷರದಲ್ಲಿ ಬರೆದರೂ ಅಂಕಿಯಲ್ಲಿ ಬರೆದರೂ ಇದೇ ಜಗಳ.

ಹಾಗಾಗಿ ಪದದ ಲೆಕ್ಕದ ಜೊತೆಗೆ ಅಕ್ಷರದ ಲೆಕ್ಕವನ್ನೂ ಕೊಡುವುದು ವಾಡಿಕೆ. ಅದರಲ್ಲೂ ಅಕ್ಷರ ಅಂದರೆ ಯಾವುದು ಅಂತ ಮೊದಲೇ ಹೇಳಬೇಕು. 'ಗ್ಗೆ' ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ನಾಲ್ಕು.

ಇದು ನಮ್ಮ ಲ್ಯಾಬ್. ಒಳಗೆ ಕ್ಯಾಮೆರಾ ಬೇಡ ಅಂದಿದ್ದಾರೆ, ಅದಕ್ಕೆ ಮೆಟ್ಟಿಲ ಮೇಲೆ ಕೂತು ಮುಂದಿನ ಭಾಗ ಹೇಳುತ್ತೇನೆ. ಈ ಭಾಗವೇ ನನಗೆ ಎಲ್ಲಕ್ಕಿಂತ ಮುಖ್ಯ.

ಹೋದ ವಾರ ಡೊಂಬಿವ್ಲಿಗೆ ಹೋಗಿದ್ದೆ. ನಮಗೆ ಪರಿಚಯದ ಒಬ್ಬರು ಕಾಕು, ಅಂದರೆ ಚಿಕ್ಕಮ್ಮ, ಇದ್ದಾರೆ, ವಿಜಯಪುರದ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಮುಂಬೈ. ಅವರ ಮಾತು ರೆಕಾರ್ಡ್ ಮಾಡಬೇಕಿತ್ತು. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿ ಕೂತೆವು. ರೆಕಾರ್ಡಿಂಗ್ ಯಾವುದಕ್ಕೆ ಬಳಸುತ್ತೇವೆ, ಬೇಡ ಅನ್ನಿಸಿದರೆ ಅಳಿಸಿಬಿಡಬಹುದು ಅಂತ ಮೊದಲು ವಿವರಿಸಿದೆ. ಎಲ್ಲ ಕೇಳಿ ಕಾಕು ಅಂದರು: "ನನ್ನ ಮಾತು ತಗೊಂಡು ಏನ್ ಮಾಡ್ತಿ ತಮ್ಮಾ? ಬೆಂಗಳೂರಾಗ ಚಂದಂಗ ಮಾತಾಡೋರು ಭಾಳ ಮಂದಿ ಅದಾರಲ್ಲ."

"ಅವರ ಮಾತು ಮಷಿನ್ನಿಗೆ ಆಗಲೇ ತಿಳೀತದರಿ ಕಾಕು, ನಿಮ್ಮದು ತಿಳೀಬೇಕು" ಅಂದೆ. ಆಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು.

ಅದರಲ್ಲಿ ಒಂದು ಮಾತು ಹೀಗಿತ್ತು: "ನಿನ್ನಿ ಫಾಸ್ಟ್ ಗಾಡಿ ತಪ್ಪಿತು ನೋಡು, ದಾದರದಾಗ ಅರ್ಧಾ ತಾಸು ನಿಂತೆ. ಭಾಜಿ ತಗೊಂಡು ಮನಿಗೆ ಬರೂದ್ರಾಗ ಕತ್ತಲಾತು." ಮುಂಬೈ ಕನ್ನಡ ಅಂದರೆ ಇದೇ. ಲೋಕಲ್ ಟ್ರೈನಿಗೆ ಗಾಡಿ, ತರಕಾರಿಗೆ ಭಾಜಿ, ದಾದರ್‌ಗೆ ಉತ್ತರ ಕರ್ನಾಟಕದ 'ದಾಗ'. ಕನ್ನಡ, ಮರಾಠಿ, ಇಂಗ್ಲಿಷ್ ಒಂದೇ ಉಸಿರಿನಲ್ಲಿ ಬರುತ್ತವೆ, ಯಾರಿಗೂ ಏನೂ ಅನ್ನಿಸುವುದಿಲ್ಲ.

ಒಂದು ಮಾಡೆಲ್ 'ಬರೂದ್ರಾಗ' ಅನ್ನುವುದನ್ನು 'ಬರುವುದರೊಳಗೆ' ಅಂತ ಬರೆಯಿತು. ಇನ್ನೊಂದು 'ಬರು ದೂರ ಆಗ' ಅಂತ ಬರೆಯಿತು. 'ಭಾಜಿ'ಯನ್ನು ಎರಡೂ 'ಬಾಜಿ' ಮಾಡಿದವು. ಈಗ ಯೋಚನೆ ಮಾಡಿ. ಮೊದಲನೆಯದು ಕಾಕು ಹೇಳಿದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದೆ. ಅರ್ಥ ಉಳಿದಿದೆ, ಕಾಕುವಿನ ಮಾತು ಉಳಿದಿಲ್ಲ. ಎರಡನೆಯದರಲ್ಲಿ ಅರ್ಥವೇ ಹೋಗಿದೆ. 'ಬಾಜಿ'ಯಲ್ಲಿ ಒಂದು ಮಹಾಪ್ರಾಣ ತಪ್ಪಿದೆ, ಆದರೂ ಓದುವವರಿಗೆ ಗೊತ್ತಾಗುತ್ತದೆ. ಇವೆಲ್ಲ ಬೇರೆ ಬೇರೆ ತರದ ತಪ್ಪು. ಲೆಕ್ಕಕ್ಕೆ ಮಾತ್ರ ಬಾಜಿಯ ತಪ್ಪೂ ಒಂದೇ, ಹಾಲು ಹುಲಿಯಾದ ತಪ್ಪೂ ಒಂದೇ.

ಅದಕ್ಕೇ ನಾವು ತಪ್ಪುಗಳನ್ನು ಕೈಯಿಂದ ವಿಂಗಡಿಸುತ್ತೇವೆ. ಆಡಿಯೋ ಕೇಳುವುದು, ಬರಹ ನೋಡುವುದು, ಇದು ಕಾಗುಣಿತದ್ದು, ಇದು ಪದ ಒಡೆದದ್ದು, ಇದು ಅರ್ಥ ಕೆಟ್ಟದ್ದು ಅಂತ ಗುರುತು ಹಾಕುವುದು. ಇದು ಬೇಗ ಮುಗಿಯುವ ಕೆಲಸ ಅಲ್ಲ. ಆದರೆ ಮಾಡೆಲ್ ಎಲ್ಲಿ ಎಡವುತ್ತದೆ ಅಂತ ನನಗೆ ಗೊತ್ತಾಗುವುದು ಇಲ್ಲಿಂದಲೇ, ಶೇಕಡಾವಾರು ಪಟ್ಟಿಯಿಂದ ಅಲ್ಲ.

ಮಾಡೆಲ್ ಎಡವಲು ಕಾರಣ ಹುಡುಕಿದರೆ ಡೇಟಾ ಹತ್ತಿರ ಬಂದು ನಿಲ್ಲುತ್ತೇವೆ. ಕನ್ನಡದ ಡೇಟಾ ಮೊದಲಿಗಿಂತ ಈಗ ಎಷ್ಟೋ ವಾಸಿ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಆಕಾಶವಾಣಿಯ ವಾರ್ತೆಗಳಿಂದ ಶ್ರುತಿಲಿಪಿ ಅನ್ನುವ ಸಂಗ್ರಹ ಮಾಡಿತು, 12 ಭಾಷೆ ಸೇರಿ 6,400 ಗಂಟೆಗೂ ಜಾಸ್ತಿ. ಕನ್ನಡವೂ ಇದೆ. ಆದರೆ ವಾರ್ತೆ ಓದುವವರು ಸ್ಪಷ್ಟವಾಗಿ, ನಿಧಾನವಾಗಿ, ಬರೆದಿಟ್ಟದ್ದನ್ನು ಓದುತ್ತಾರೆ. ಅವರ ಬಾಯಲ್ಲಿ 'ಬರೂದ್ರಾಗ' ಬರುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯವರು ರೆಸ್ಪಿನ್ ಅನ್ನುವ ಯೋಜನೆಯಲ್ಲಿ ಕನ್ನಡ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳನ್ನು ಹುಡುಕಿಕೊಂಡು ಹೋದರು, ಕೃಷಿ ಮತ್ತು ಹಣಕಾಸಿನ ವಿಷಯ ಇಟ್ಟುಕೊಂಡು. ಅವರದೇ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೆ ಹೋಗಿ, ಚಿತ್ರ ತೋರಿಸಿ, ನೋಡಿದ್ದನ್ನು ನಿಮ್ಮ ಮಾತಲ್ಲಿ ಹೇಳಿ ಅಂತ ಕೇಳುತ್ತಾರೆ. ಓದಿಸುವುದಲ್ಲ, ಮಾತಾಡಿಸುವುದು. ಇದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ.

ಡೇಟಾ ಸಿಕ್ಕ ಮೇಲೆ ಒಂದು ಎಚ್ಚರ ಬೇಕು. ಎಲ್ಲ ರೆಕಾರ್ಡಿಂಗ್ ಕಲಸಿ, ಒಂದಿಷ್ಟು ಕಲಿಕೆಗೆ, ಒಂದಿಷ್ಟು ಪರೀಕ್ಷೆಗೆ ಅಂತ ಸುಮ್ನೆ ಹಂಚಬಾರದು. ಹಾಗೆ ಮಾಡಿದರೆ ಕಾಕುವಿನ ದನಿ ಎರಡೂ ಕಡೆ ಇರುತ್ತದೆ. ಕಲಿತ ದನಿಯ ಮೇಲೆಯೇ ಪರೀಕ್ಷೆ ನಡೆದು ಮಾರ್ಕ್ಸ್ ಏರುತ್ತದೆ. ಹೊಸಬರು ಮಾತಾಡಿದ ತಕ್ಷಣ ಕುಸಿಯುತ್ತದೆ. ಅದಕ್ಕೆ ಆಳು ನೋಡಿ ಹಂಚುತ್ತೇವೆ. ಕಾಕು ಪರೀಕ್ಷೆ ಕಡೆ ಅಂದರೆ ಅವರ ಒಂದು ಸಾಲೂ ಕಲಿಕೆಗೆ ಹೋಗುವಂತಿಲ್ಲ. ಒಂದೇ ವಾಕ್ಯವನ್ನು ತುಂಬಾ ಜನ ಓದಿದ್ದರೆ ಆ ವಾಕ್ಯಕ್ಕೂ ಇದೇ ನಿಯಮ.

ಈಗ ನಾವು ಒಂದು ಚಿಕ್ಕ ಪರೀಕ್ಷಾ ಸಂಗ್ರಹ ಕಟ್ಟುತ್ತಿದ್ದೇವೆ. ಬರೀ ಮುಂಬೈ ಕನ್ನಡಿಗರ ಮಾತು. ಮಂಗಳೂರು, ಉಡುಪಿ ಕಡೆಯಿಂದ ಬಂದು ಹೋಟೆಲ್ ನಡೆಸುವವರು, ಮನೆಯಲ್ಲಿ ತುಳು ಹೊರಗೆ ಕನ್ನಡ ಮಾತಾಡುವವರು, ವಿಜಯಪುರ, ಕಲಬುರಗಿ ಕಡೆಯವರು, ಇಲ್ಲೇ ಹುಟ್ಟಿ ಅರ್ಧ ಹಿಂದಿ ಸೇರಿಸಿ ಮಾತಾಡುವ ಹುಡುಗರು. ಇದರಿಂದ ಯಾವ ಮಾಡೆಲ್‌ಗೂ ಪಾಠ ಮಾಡುವುದಿಲ್ಲ. ಬರೀ ಪರೀಕ್ಷೆಗೆ. ಫಲಿತಾಂಶ ಕೊಡುವಾಗ ಯಾವ ನಾರ್ಮಲೈಸರ್ ಬಳಸಿದೆವು, ಕಾಗುಣಿತ ಉಳಿಸಿದೆವಾ, ಜೋಡಿ ಪದವನ್ನು ಹೇಗೆ ಎಣಿಸಿದೆವು, ಎಲ್ಲವನ್ನೂ ಜೊತೆಗೇ ಬರೆಯುತ್ತೇವೆ.

ಹಿರಿಯರ ದನಿ ನಮ್ಮಲ್ಲಿ ಕಡಿಮೆ ಇದೆ. ಮುಂಬೈ, ಠಾಣೆ, ಡೊಂಬಿವ್ಲಿ ಕಡೆ ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ, ದೊಡ್ಡಮ್ಮ, ಕಾಕಾ ಇದ್ದರೆ, ಅವರಿಗೆ ಮಾತಾಡಲು ಖುಷಿ ಇದ್ದರೆ, ಕೆಳಗೆ ಕಾಮೆಂಟಿನಲ್ಲಿ ಯಾವ ಕಡೆಯ ಕನ್ನಡ ಅಂತಷ್ಟೇ ಬರೆಯಿರಿ. ಫೋನ್ ನಂಬರ್ ಹಾಕಬೇಡಿ, ನಾನೇ ಉತ್ತರ ಕೊಡುತ್ತೇನೆ. ಭಾನುವಾರ ನಾನು ಡೊಂಬಿವ್ಲಿಯಲ್ಲೇ ಇರುತ್ತೇನೆ, ಕಾಕುವಿನ ಪಕ್ಕದ ಮನೆಯವರು ಕಲಬುರಗಿಯವರಂತೆ.