ದುಡ್ಡು ಕೊಟ್ಟ ಸಿನಿಮಾ ಪೂರ್ತಿ ನೋಡಲು ಬಿಡಿ

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲೋ ಟಿ.ವಿ.ಯಲ್ಲೋ ಸಿನಿಮಾ ಬಾಡಿಗೆಗೆ ತೆಗೆದುಕೊಂಡು ನೋಡುವುದು ಈಗ ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಿಗೂ ಹೊಸದಲ್ಲ. ತಿಂಗಳ ಚಂದಾ ಬೇರೆ, ಇದು ಬೇರೆ. ಬೇಕಾದ ಒಂದೇ ಸಿನಿಮಾ ಆರಿಸಿಕೊಂಡು, ಅದಕ್ಕೆಂದೇ ಯುಪಿಐ ಮೂಲಕ ದುಡ್ಡು ಕಟ್ಟುತ್ತೇವೆ. ಕಟ್ಟಿದ ದಿನದಿಂದ 30 ದಿನದೊಳಗೆ ನೋಡಲು ಶುರು ಮಾಡಬೇಕು. ಒಮ್ಮೆ ಪ್ಲೇ ಒತ್ತಿದಿರೋ, ಅಲ್ಲಿಂದ ಸಾಮಾನ್ಯವಾಗಿ 48 ಗಂಟೆ. ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ನೋಡಿ, ಯಾರೂ ಕೇಳುವುದಿಲ್ಲ. ಅದು ದಾಟಿತೋ, ಸಿನಿಮಾ ಮುಚ್ಚಿತು. ನೀವು ಮುಕ್ಕಾಲು ನೋಡಿದ್ದೀರೋ, ಬರೀ ಹತ್ತು ನಿಮಿಷ ನೋಡಿದ್ದೀರೋ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದಕ್ಕೆ ನೋಡಬೇಕಾದರೆ ಮತ್ತೆ ಅಷ್ಟೂ ದುಡ್ಡು ಕಟ್ಟಬೇಕು.

ನಾನು ಹಾಸನದಲ್ಲಿ ಟಿ.ವಿ. ರಿಪೇರಿ ಅಂಗಡಿ ನಡೆಸುವವನು. ಅದಕ್ಕೂ ಮೊದಲು ಅದೇ ಮಳಿಗೆಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಬಾಡಿಗೆ ಸಿನಿಮಾದ ಎರಡೂ ಕಾಲ ನೋಡಿದವನು ಎಂಬ ಒಂದೇ ಧೈರ್ಯದಿಂದ ಈ ಮಾತು ಆಡುತ್ತಿದ್ದೇನೆ.

48 ಗಂಟೆ ಅಂದರೆ ಕೇಳುವುದಕ್ಕೆ ಧಾರಾಳವಾಗಿದೆ. ಒಂದು ಸಿನಿಮಾ ನೋಡಲು ಎರಡು ಹಗಲು, ಎರಡು ರಾತ್ರಿ ಸಾಲದೇ ಎನ್ನಿಸುತ್ತದೆ. ದುಡಿದು ತಿನ್ನುವವರ ಮನೆಗೆ ಬಂದು ನೋಡಿ. ಹಗಲು ನಮ್ಮದಲ್ಲ. ಶನಿವಾರ ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಶುರು ಮಾಡಿದಿರಿ ಅಂದುಕೊಳ್ಳಿ. ಹತ್ತಕ್ಕೆಲ್ಲ ಕಣ್ಣು ಎಳೆಯುತ್ತದೆ, ನಿಲ್ಲಿಸಿದಿರಿ. ಭಾನುವಾರ ನೆಂಟರು ಬಂದರು, ರಾತ್ರಿ ಒಂದು ಗಂಟೆ ನೋಡಿದಿರಿ. ಉಳಿದ ಮುಕ್ಕಾಲು ಗಂಟೆಯನ್ನು ಸೋಮವಾರ ರಾತ್ರಿ ಕೂತು ನೋಡೋಣ ಅಂದರೆ, ಒಂಬತ್ತಕ್ಕೆ ಬಾಗಿಲು ಹಾಕಿಯಾಯಿತು. ಮೂರನೆಯ ಸಂಜೆ ಕೈಗೆ ಸಿಗುವ ಹೊತ್ತಿಗೇ ಅವಧಿ ಕಡಿದುಹೋಗುತ್ತದೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂತೆಂದು ಎದ್ದು ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋಗುವ ರೈತನಿಗೆ ಎರಡು ರಾತ್ರಿಯೂ ಪೂರ್ತಿ ಸಿಗುವುದಿಲ್ಲ.

ಇನ್ನು ಡೇಟಾ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಪ್ಯಾಕ್ ಹಾಕಿಸಿಕೊಂಡವರೇ ನಮ್ಮಲ್ಲಿ ಬಹಳ. ಸಾಧಾರಣ ಗುಣಮಟ್ಟದ ಚಿತ್ರಕ್ಕೇ ಗಂಟೆಗೆ ಸುಮಾರು ಒಂದು ಜಿಬಿ ಬೇಕು. ಸ್ಪಷ್ಟವಾದ ಎಚ್‌ಡಿ ಆದರೆ ಗಂಟೆಗೆ ಮೂರು ಜಿಬಿವರೆಗೂ ಹೋಗುತ್ತದೆ. ಎರಡೂವರೆ ಗಂಟೆಯ ಕನ್ನಡ ಸಿನಿಮಾ ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ ಪ್ಯಾಕ್ ಖಾಲಿ. ಮಾರನೆಯ ದಿನದ ಡೇಟಾಗೆ ಕಾಯಬೇಕು, ಅಷ್ಟು ಹೊತ್ತೂ ಗಡಿಯಾರ ಓಡುತ್ತಿರುತ್ತದೆ.

ಮಲೆನಾಡಿನ ಕಡೆಯ ಕಷ್ಟ ಇನ್ನೊಂದು ತೂಕದ್ದು. ಒಂದು ಮಳೆಗಾಲದಲ್ಲಿ ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. "ಸಾರ್, ಇದು ಕೆಟ್ಟೋಗದೆ ನೋಡಿ. ದುಡ್ಡು ಕಟ್ಟಿರೋ ಪಿಚ್ಚರ್‌ಗೇ ತಿರ್ಗ ದುಡ್ಡು ಕೇಳ್ತದೆ" ಅಂದರು. ಜೋಡಿಸಿ ನೋಡಿದೆ. ಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಸಿನಿಮಾದ ಚಿತ್ರದ ಕೆಳಗೆ ಅರ್ಧ ದಾಟಿದ ಕೆಂಪು ಗೆರೆ ಹಾಗೇ ಇತ್ತು, ಪಕ್ಕದಲ್ಲಿ ಹೊಸದಾಗಿ ಬಾಡಿಗೆ ಕಟ್ಟುವ ಬಟನ್ ಬಂದಿತ್ತು. ಆದದ್ದು ಇಷ್ಟು. ಅವರ ತಾಯಿಗೆ ವಯಸ್ಸಾಗಿದೆ, ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ. ಬೆಂಗಳೂರಿನಿಂದ ಬಂದ ಮೊಮ್ಮಗಳು ಅಜ್ಜಿಗೆಂದೇ ಬಾಡಿಗೆ ಕಟ್ಟಿ ಸಿನಿಮಾ ಹಾಕಿಕೊಟ್ಟಿದ್ದಾಳೆ. ಅರ್ಧ ಆಗುವಾಗ ಗಾಳಿಗೆ ಮರ ಬಿದ್ದು ಲೈನ್ ಹರಿಯಿತು. ಯುಪಿಎಸ್ ಸ್ವಲ್ಪ ಹೊತ್ತು ಎಳೆಯಿತು, ಆಮೇಲೆ ಟವರ್ ಕೂಡ ಸತ್ತಿತು. ಲೈನ್‌ಮನ್‌ಗಳು ಮಳೆಯಲ್ಲೇ ಕಂಬ ಹತ್ತಿ ಸರಿ ಮಾಡುವ ಹೊತ್ತಿಗೆ ಎರಡು ದಿನ ದಾಟಿತ್ತು. "ಅವ್ವ ದಿನಾ ಕೇಳ್ತದೆ ಸಾರ್, ಆ ಹುಡುಗಿ ಅವರಪ್ಪನ ಮನೆಗೆ ವಾಪಸ್ ಬಂದ್ಲಾ ಇಲ್ವಾ ಅಂತ. ನಾನೇನ್ ಹೇಳ್ಲಿ?"

ಆ ತಾಯಿ ಸೋಮಾರಿತನ ಮಾಡಲಿಲ್ಲ, ಮರೆಯಲಿಲ್ಲ, ಯಾರಿಗೂ ಮೋಸ ಮಾಡಲಿಲ್ಲ. ನೋಡಲು ಸಾಧ್ಯವೇ ಇಲ್ಲದ ಗಂಟೆಗಳನ್ನೆಲ್ಲ ಬಾಡಿಗೆಗೆ ಕೊಟ್ಟ ಕಂಪನಿಯವರು ನೋಡಿದ ಗಂಟೆಗಳ ಲೆಕ್ಕಕ್ಕೆ ಸೇರಿಸಿದರು. ನನ್ನ ಸಿಟ್ಟು ಇರುವುದು ಇಲ್ಲಿ.

ಇದನ್ನು ಕೇಳಿದ ಕೆಲವರು, ಇದು ತಂತ್ರಜ್ಞಾನದ ಮಿತಿ, ಏನೂ ಮಾಡಲಾಗುವುದಿಲ್ಲ ಎನ್ನುತ್ತಾರೆ. ಹಾಗಲ್ಲ. ಸಿನಿಮಾ ನಮ್ಮ ಫೋನಿಗೋ ಟಿ.ವಿ.ಗೋ ಬರುವುದು ಬೀಗ ಹಾಕಿದ ರೂಪದಲ್ಲಿ. ಅದನ್ನು ತೆರೆಯುವ ಕೀಲಿಯನ್ನು ಕಂಪನಿಯ ಸರ್ವರ್ ಬೇರೆಯಾಗಿ ಕಳಿಸುತ್ತದೆ. ಆ ಕೀಲಿಯ ಜೊತೆಗೇ ಇಂಥ ಹೊತ್ತಿನವರೆಗೆ ಮಾತ್ರ ಕೆಲಸ ಮಾಡು ಎಂಬ ಸೂಚನೆ ಇರುತ್ತದೆ. ಡೌನ್‌ಲೋಡ್ ಮಾಡಿಕೊಂಡಿದ್ದರೂ ಅಷ್ಟೇ, ಹೊತ್ತು ಮೀರಿದರೆ ಕೀಲಿ ತಿರುಗುವುದಿಲ್ಲ. ಆ ಹೊತ್ತನ್ನು ಬರೆದವರು ಮನುಷ್ಯರು, ಬದಲಾಯಿಸುವುದೂ ಅವರಿಂದ ಆಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನೀವು ಸಿನಿಮಾವನ್ನು ಎಲ್ಲಿ ನಿಲ್ಲಿಸಿದ್ದೀರಿ ಎಂಬುದು ಕಂಪನಿಗೆ ಗೊತ್ತಿದೆ. ಫೋನಿನಲ್ಲಿ ನಿಲ್ಲಿಸಿದ್ದು ಟಿ.ವಿ.ಯಲ್ಲಿ ಅದೇ ದೃಶ್ಯದಿಂದ ಮುಂದುವರಿಯುತ್ತದಲ್ಲ, ಗೊತ್ತಿರದೆ ಅದು ಹೇಗೆ ಸಾಧ್ಯ? ಆ ತಾಯಿ ಅರ್ಧವೇ ನೋಡಿದ್ದಾರೆ ಎಂದು ತಿಳಿದೇ ಬೀಗ ಹಾಕಿದ್ದಾರೆ. ನಮ್ಮ ಅಂಗಡಿಯಿಂದಲೇ ಆ ಕಂಪನಿಯ ಗ್ರಾಹಕ ಸೇವೆಗೆ ಬರೆದೆವು. ಮೊದಲ ಉತ್ತರ, ಷರತ್ತಿನಲ್ಲಿ ಬರೆದಿದೆ, ಕ್ಷಮಿಸಿ ಎಂದು. ಕರೆಂಟ್ ಹೋದಾಗ ಅವರು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದರು. ಆ ದೂರಿನ ಸಂಖ್ಯೆ ಹಾಕಿ, ಸಿನಿಮಾ ನಿಂತ ಜಾಗದ ಸ್ಕ್ರೀನ್‌ಶಾಟ್ ಇಟ್ಟು ಮತ್ತೆ ಬರೆದೆವು. ಆಮೇಲೆ ಸಿನಿಮಾ ತೆರೆದುಕೊಟ್ಟರು. ಒಬ್ಬರಿಗೆ ತೆರೆಯಲು ಬರುವುದಾದರೆ ಎಲ್ಲರಿಗೂ ಬರುತ್ತದೆ.

ಈ 48 ಗಂಟೆಯ ಹಿಂದೆ ಒಂದು ಇತಿಹಾಸವೂ ಇದೆ. ಅಮೆರಿಕದಲ್ಲಿ 1998ರಲ್ಲಿ ಡಿವ್‌ಎಕ್ಸ್ ಎಂಬ ಹೆಸರಿನ ಸಿನಿಮಾ ಡಿಸ್ಕ್ ಬಂತು. ಅಗ್ಗದ ಬೆಲೆಗೆ ಡಿಸ್ಕ್ ಕೊಳ್ಳುವುದು, ಮೊದಲ ಸಲ ಹಾಕಿದಾಗಿನಿಂದ 48 ಗಂಟೆ ನೋಡುವುದು, ಆಮೇಲೆ ನೋಡಬೇಕಾದರೆ ಮತ್ತೆ ದುಡ್ಡು. ಅದರ ಪ್ಲೇಯರನ್ನು ಟೆಲಿಫೋನ್ ಲೈನಿಗೆ ಜೋಡಿಸಿಡಬೇಕಿತ್ತು, ಅದು ತಾನೇ ಕಂಪನಿಗೆ ಲೆಕ್ಕ ಒಪ್ಪಿಸುತ್ತಿತ್ತು. ಜನ ಒಪ್ಪಲಿಲ್ಲ, 1999ರಲ್ಲೇ ಮುಚ್ಚಿತು. 2003ರಲ್ಲಿ ಡಿಸ್ನಿ ಕಂಪನಿ ಇನ್ನೊಂದು ಬಗೆಯ ಡಿಸ್ಕ್ ಪರೀಕ್ಷೆಗೆ ಬಿಟ್ಟಿತು. ಪೊಟ್ಟಣ ಒಡೆದು ಗಾಳಿ ತಾಗಿದ ಮೇಲೆ ಸುಮಾರು 48 ಗಂಟೆಯಲ್ಲಿ ಡಿಸ್ಕೇ ಕಪ್ಪಾಗಿ ಓದಲಾಗದಂತೆ ಆಗುತ್ತಿತ್ತು. ಅದೂ ನಡೆಯಲಿಲ್ಲ. 2008ರ ಜನವರಿಯಲ್ಲಿ ಆ್ಯಪಲ್ ಇಂಟರ್‌ನೆಟ್ಟಿನಲ್ಲಿ ಸಿನಿಮಾ ಬಾಡಿಗೆ ಶುರು ಮಾಡಿದಾಗ ಅಮೆರಿಕದವರಿಗೆ ಸಿಕ್ಕಿದ್ದು 30 ದಿನ ಮತ್ತು ಬರೀ 24 ಗಂಟೆ. ಅದು ಮುಂದೆ 48 ಆಯಿತು. ನಮ್ಮ ದೇಶದಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ 2022ರ ಏಪ್ರಿಲ್‌ನಲ್ಲಿ ಬಾಡಿಗೆ ತೆರೆದಾಗಲೂ ಅದೇ 30 ದಿನ, 48 ಗಂಟೆಯ ಕಟ್ಟಳೆ ಬಂತು. 24 ಇದ್ದದ್ದು 48 ಆಗಬಹುದಾದರೆ, 48 ಎಂಬುದು ಶಾಸನದ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದು ಚಿತ್ರ ಸಂಸ್ಥೆಗಳೂ ಮಾರುವ ಕಂಪನಿಗಳೂ ಕೂತು ಮಾಡಿಕೊಂಡ ಕರಾರು. ಆ ಮಾತುಕತೆಯಲ್ಲಿ ಹೆತ್ತೂರಿನ ಕರೆಂಟಿನ ವಿಚಾರ ಯಾರೂ ಎತ್ತಿರಲಾರರು.

ಕ್ಯಾಸೆಟ್ ಕಾಲದಲ್ಲೂ ಅವಧಿ ಇತ್ತು. ಡೆಪಾಸಿಟ್ ಇಟ್ಟು, ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಪಿ ಸಮೇತ ಒಯ್ದರೆ ಮಾರನೆಯ ಬೆಳಿಗ್ಗೆ ವಾಪಸ್ ತರಬೇಕಿತ್ತು. ಅದಕ್ಕೊಂದು ಕಾರಣವೂ ಇತ್ತು: ಅಂಗಡಿಯಲ್ಲಿದ್ದದ್ದು ಒಂದೇ ಕ್ಯಾಸೆಟ್, ಅದಕ್ಕಾಗಿ ಕಾದು ಕೂತವರು ಇನ್ನೊಬ್ಬರಿದ್ದರು. ಆದರೂ ರಾತ್ರಿ ಇಡೀ ಬಡಾವಣೆಗೆ ಕರೆಂಟ್ ಇರಲಿಲ್ಲ ಎಂದು ಬಂದು ಹೇಳಿದರೆ, "ಇವತ್ತು ನೋಡಿ ನಾಳೆ ತನ್ನಿ" ಎಂದು ಕಳಿಸುತ್ತಿದ್ದೆವು. ಊರಿನ ಎಲ್ಲ ಅಂಗಡಿಯವರೂ ಹಾಗೇ ಮಾಡುತ್ತಿದ್ದರು, ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ಈಗ ಒಂದು ಸಿನಿಮಾವನ್ನು ಲಕ್ಷ ಜನ ಒಟ್ಟಿಗೆ ನೋಡಿದರೂ ಕಂಪನಿಗೆ ಪ್ರತಿ ಕಡಿಮೆ ಬೀಳುವುದಿಲ್ಲ. ನಾನು ಅರ್ಧ ನೋಡಿ ಇಟ್ಟುಕೊಂಡರೆ ಯಾರ ಪಾಲೂ ತಪ್ಪುವುದಿಲ್ಲ.

ಅವಧಿಯದ್ದು ಒಂದಾದರೆ ಉಪಕರಣದ ಕಟ್ಟಳೆಗಳು ಇನ್ನೊಂದು. ಊರಹಬ್ಬಕ್ಕೆ ಸೇರಿದ ಮನೆಮಂದಿಯೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ನೋಡೋಣ ಎಂದು ಹಳೆಯ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸುತ್ತಾರೆ. ಮಾತು ಕೇಳುತ್ತದೆ, ಪರದೆ ಕಪ್ಪು. ಕೇಬಲ್ ಬದಲಾಯಿಸಿ ಬದಲಾಯಿಸಿ ಸಾಕಾಗಿ ನಮ್ಮ ಹತ್ತಿರ ಬರುತ್ತಾರೆ. ಕೇಬಲ್ಲಿನ ತಪ್ಪಲ್ಲ ಅದು. ಎಚ್‌ಡಿಸಿಪಿ ಎಂಬ ಕಾವಲು ವ್ಯವಸ್ಥೆ ಇದೆ. ಎರಡೂ ಕಡೆಯ ಯಂತ್ರಗಳು ಪರಸ್ಪರ ಗುರುತು ತೋರಿಸಿ ಒಪ್ಪಿಕೊಂಡರೆ ಮಾತ್ರ ಚಿತ್ರ ಹರಿಯುತ್ತದೆ, ಹಳೆಯ ಯಂತ್ರಕ್ಕೆ ಆ ಗುರುತು ಇರುವುದಿಲ್ಲ. ಫೋನುಗಳಲ್ಲೂ ವೈಡ್‌ವೈನ್ ಎಂಬ ಬೀಗಕ್ಕೆ ಮಟ್ಟಗಳಿವೆ. ಕೆಳಮಟ್ಟದ್ದು ಇರುವ ಫೋನಿನಲ್ಲಿ ಎಚ್‌ಡಿಗೆ ದುಡ್ಡು ಕೊಟ್ಟರೂ ಮಸುಕು ಚಿತ್ರವೇ ಗತಿ. ಇದನ್ನೆಲ್ಲ ದುಡ್ಡು ಕಟ್ಟುವ ಮೊದಲು ದೊಡ್ಡ ಅಕ್ಷರದಲ್ಲಿ ಯಾರೂ ಹೇಳುವುದಿಲ್ಲ. ಪ್ಲೇ ಒತ್ತಿದ ಮೇಲೆ ತಿಳಿಯುತ್ತದೆ, ಆಗ 48 ಗಂಟೆ ಶುರುವಾಗಿಯೇ ಇರುತ್ತದೆ.

ಕದ್ದ ಪ್ರತಿಯಲ್ಲಿ ಈ ಯಾವ ತಾಪತ್ರಯವೂ ಇಲ್ಲ ಎಂಬುದು ನನಗೆ ಬೇಸರ ತರುವ ವಿಷಯ. ಕದ್ದ ಪ್ರತಿಗೆ ಅವಧಿಯಿಲ್ಲ, ಯಾವ ಪ್ರೊಜೆಕ್ಟರಿನಲ್ಲಾದರೂ ಓಡುತ್ತದೆ. ಅಂಗಡಿಗೆ ಬರುವ ಹುಡುಗರು ಇದನ್ನೇ ಹೇಳುತ್ತಾರೆ: "ಅಣ್ಣ, ದುಡ್ಡು ಕೊಟ್ಟೋರಿಗೇ ಕಾಟ ಜಾಸ್ತಿ." ಅವರ ದಾರಿಯನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಿನಿಮಾ ಕದ್ದು ಚಿತ್ರೀಕರಿಸಿ ಹಂಚುವವರಿಗೆ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ರೂಪಾಯಿ ದಂಡ. ಅದಕ್ಕಿಂತ ಹೆಚ್ಚಾಗಿ, ಚಿತ್ರಮಂದಿರದಲ್ಲಿ ಒಂದು ವಾರವೂ ನಿಲ್ಲದ ಸಣ್ಣ ಕನ್ನಡ ಸಿನಿಮಾಕ್ಕೆ ಈ ಬಾಡಿಗೆಯ ದುಡ್ಡು ನಿಜವಾಗಿ ಬೇಕು. ಹಾಗಾಗಿಯೇ ಹೇಳುತ್ತಿರುವುದು, ದುಡ್ಡು ಕೊಡಲು ಸಿದ್ಧನಿರುವ ಪ್ರೇಕ್ಷಕನನ್ನು ಹೀಗೆ ಸತಾಯಿಸಬೇಡಿ. ಒಮ್ಮೆ ಅರ್ಧಕ್ಕೆ ಕೈಬಿಟ್ಟ ಮನೆಯವರು ಇನ್ನೊಮ್ಮೆ ದುಡ್ಡು ಕಟ್ಟಲು ಹಿಂದೆಮುಂದೆ ನೋಡುತ್ತಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ನೋಡಲು ಶುರು ಮಾಡದಿದ್ದರೆ 30 ದಿನ ಕಾಯಲು ಕಂಪನಿ ಈಗಲೇ ಒಪ್ಪಿದೆ. ಅದೇ 30 ದಿನವನ್ನು ಅರ್ಧ ನೋಡಿದವರಿಗೂ ಕೊಡಲಿ. ಸಿನಿಮಾ ಕೊನೆ ಮುಟ್ಟಿದ ಮೇಲೆ ಬೇಕಾದರೆ 48 ಗಂಟೆ ಎಣಿಸಲಿ. ದುಡ್ಡು ಕೊಟ್ಟವರಿಗೆ ಒಂದು ಸಲ ಪೂರ್ತಿ ನೋಡಲು ಸಿಗಬೇಕು, ಅಷ್ಟೇ. ಇದರಿಂದ ನಿರ್ಮಾಪಕರಿಗೆ ಯಾವ ನಷ್ಟವೂ ನನಗೆ ಕಾಣುತ್ತಿಲ್ಲ.

ಅಲ್ಲಿಯವರೆಗೆ ಕೆಲವು ಎಚ್ಚರಿಕೆ ಇಟ್ಟುಕೊಳ್ಳಿ. ನೆಟ್ ಸರಿಯಾಗಿ ಬರುತ್ತದೋ ಇಲ್ಲವೋ ನೋಡೋಣ ಎಂದು ಸುಮ್ಮನೆ ಪ್ಲೇ ಒತ್ತಬೇಡಿ, ಪರೀಕ್ಷೆಗೆ ಟ್ರೈಲರ್ ಹಾಕಿ. ಪೇಟೆಯಲ್ಲಿ ವೈಫೈ ಸಿಕ್ಕಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಪ್ಲೇ ಒತ್ತುವವರೆಗೂ 48 ಗಂಟೆಯ ಎಣಿಕೆ ಶುರುವಾಗುವುದಿಲ್ಲ. ಕರೆಂಟ್ ಹೋದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ವಿರುದ್ಧ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿದ್ದಾರೆ. ಬೇಕಾದ ಮಾಹಿತಿಯನ್ನು ಮಸುಕಾಗಿಸಿ ಬೇರೆಯದನ್ನು ಎದ್ದು ಕಾಣುವಂತೆ ಮಾಡುವುದೂ ಅದರಲ್ಲೊಂದು. ಬಾಡಿಗೆ ಬಟನ್ ದೊಡ್ಡದಾಗಿ, 48 ಗಂಟೆಯ ಮಾತು ಕಣ್ಣಿಗೇ ಬೀಳದಂತೆ ಸಣ್ಣದಾಗಿ ಇದ್ದರೆ ಅದರ ಸ್ಕ್ರೀನ್‌ಶಾಟನ್ನೂ ದೂರಿನ ಜೊತೆ ಕಳಿಸಿ.

ನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಸುಮ್ಮನಾಗಬೇಡಿ. ನಾವು ಸುಮ್ಮನಿರುವಷ್ಟು ದಿನ ಕಂಪನಿಯ ಕಡತದಲ್ಲಿ ಇದು ದೂರೇ ಅಲ್ಲ. ಕರೆ ಮಾಡಿದಾಗ ಉದ್ದಕ್ಕೆ ವಿವರಿಸುವುದೂ ಬೇಡ. ಸಿನಿಮಾ ಇಂಥದ್ದು, ದುಡ್ಡು ಕಟ್ಟಿದ ದಿನ ಇಂಥದ್ದು, ಇಷ್ಟನೇ ನಿಮಿಷಕ್ಕೆ ನಿಂತಿತು, ಕಾರಣ ಇದು, ಉಳಿದದ್ದು ನೋಡಲು ತೆರೆದುಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ. ಕನ್ನಡದಲ್ಲೇ ಹೇಳಿ.

ನಮಸ್ಕಾರ.