ಮುಸ್ಸಂಜೆಯ ಬುಧ

ಕೇಳುಗರಿಗೆ ನಮಸ್ಕಾರ.

ಶುಕ್ರನನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಗುರು, ಶನಿ ನಡುರಾತ್ರಿಯಲ್ಲೂ ಸಿಗುತ್ತಾರೆ. ವಾರಕ್ಕೊಮ್ಮೆ ನಾವು ಹೆಸರು ಹೇಳುವ ಬುಧನನ್ನು ಮಾತ್ರ ಕಣ್ಣಾರೆ ಕಂಡವರು ಕಡಿಮೆ.

ಅವನೇನು ಮಂಕಲ್ಲ. ಒಳ್ಳೆಯ ದಿನಗಳಲ್ಲಿ ಬಹುಪಾಲು ನಕ್ಷತ್ರಗಳಿಗಿಂತ ಹೊಳೆಯುತ್ತಾನೆ. ಆದರೆ ಸೂರ್ಯನ ಮಗ್ಗುಲು ಬಿಡುವುದಿಲ್ಲ. 88 ದಿನಕ್ಕೊಂದು ಸುತ್ತು ಹಾಕುವ ಬುಧ, ನಮ್ಮ ಕಣ್ಣಿಗೆ ಸೂರ್ಯನಿಂದ ಹೆಚ್ಚೆಂದರೆ 18ರಿಂದ 28 ಡಿಗ್ರಿಯಷ್ಟೇ ದೂರ ಸರಿಯುತ್ತಾನೆ. ಬೆಳಕು ಆರುವಷ್ಟರಲ್ಲಿ ತಾನೂ ಮುಳುಗುತ್ತಾನೆ. ನಡುವೆ ಸಿಗುವುದು ಅರ್ಧ ಗಂಟೆ.

ನಾನು ಎಷ್ಟೋ ಸಂಜೆ ಮನೆಯ ಕಾಫಿ ಕಣದಲ್ಲಿ ನಿಂತು ಹುಡುಕಿದ್ದೇನೆ. ಕಂಡದ್ದು ಸಿಲ್ವರ್ ಮರಗಳ ತುದಿ, ಅದರಾಚೆ ಬೆಟ್ಟ. ತಪ್ಪು ಆಕಾಶದ್ದಲ್ಲ, ನಿಂತ ಜಾಗದ್ದು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿರುತ್ತದೆ. ಹೂಮಳೆ ಬಿದ್ದು ಕಾಫಿ ಘಮಘಮಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ಆಕಾಶ ತಿಳಿಯಾಗಿರುವ ಸಂಜೆಗಳು ಸಿಗುತ್ತವೆ. ಗ್ರಹಗಳು ಸಾಗುವ ದಾರಿಯೂ ಆಗ ಪಶ್ಚಿಮದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಯುರೋಪಿನಲ್ಲಿ ಅದು ಓರೆಯಾಗುವುದರಿಂದ ಅಲ್ಲಿನವರಿಗೆ ಬುಧ ಇನ್ನೂ ಕಷ್ಟ. ಖಗೋಳ ವಿಜ್ಞಾನಿ ಕೋಪರ್ನಿಕಸ್ ಅವನನ್ನು ನೋಡದೆಯೇ ತೀರಿಕೊಂಡನೆಂಬ ಮಾತೂ ಇದೆ.

ಹಾಗಾಗಿ ಒಂದು ಮಾರ್ಚ್ ಸಂಜೆ ಮಗಳನ್ನು ಕರೆದುಕೊಂಡು ಮಡಿಕೇರಿಯ ರಾಜಾಸೀಟಿಗೆ ಹೋದೆ. ಪಶ್ಚಿಮಕ್ಕೆ ಕಣಿವೆ ತೆರೆದುಕೊಂಡಿತ್ತು. ಸೂರ್ಯ ಪೂರ್ತಿ ಇಳಿದ ಮೇಲಷ್ಟೇ ಬೈನಾಕ್ಯುಲರ್ ಎತ್ತಿದೆ, ಅದಕ್ಕೆ ಮೊದಲು ಎತ್ತಿದರೆ ಕಣ್ಣಿಗೇ ಅಪಾಯ. ಅರ್ಧ ಗಂಟೆ ಕಳೆಯಿತು. ಜನ ಎದ್ದು ಹೋಗುತ್ತಿದ್ದರು. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಬೆಟ್ಟದ ಅಂಚಿನಿಂದ ಒಂದು ಮುಷ್ಟಿ ಎತ್ತರದಲ್ಲಿ ಹುಡುಕುತ್ತಿದ್ದೆ.

"ಅಪ್ಪ, ಅಲ್ಲಿ ನೋಡಿ, ಆ ಮರದ ನೇರಕ್ಕೆ!"

ಬೈನಾಕ್ಯುಲರ್ ಹಿಡಿದ ನನಗಿಂತ ಮೊದಲು ಅವಳ ಬರಿಗಣ್ಣಿಗೆ ಸಿಕ್ಕಿತ್ತು. ಕಿತ್ತಳೆ ಮಾಸಿದ ಆಕಾಶದಲ್ಲಿ ಒಂದು ಚುಕ್ಕಿ, ಸಾಸಿವೆಯಷ್ಟು, ತುಸು ಕೆಂಪಗೆ. ಗ್ರಹಗಳು ಮಿನುಗುವುದಿಲ್ಲ ಎನ್ನುತ್ತಾರೆ. ಇಷ್ಟು ಕೆಳಗಿದ್ದಾಗ ಗಾಳಿಯ ದಪ್ಪ ಪದರದಲ್ಲಿ ಬುಧ ಮಿನುಗುತ್ತಾನೆ. ಒಮ್ಮೆ ಕಂಡ ಮೇಲೆ ಇಷ್ಟು ಹೊತ್ತು ಹೇಗೆ ಕಾಣಲಿಲ್ಲ ಅನಿಸಿತು.

ನೀವೂ ಪಂಚಾಂಗದಲ್ಲಿ ಬುಧನ ಪಶ್ಚಿಮೋದಯ, ಅಂದರೆ ಅವನು ಸಂಜೆ ಪಶ್ಚಿಮದಲ್ಲಿ ಕಾಣತೊಡಗುವ ದಿನ, ನೋಡಿಕೊಂಡು, ಅದಾಗಿ ಒಂದು ವಾರ ಬಿಟ್ಟು ಹೊರಡಿ. ವರ್ಷಕ್ಕೆ ಸುಮಾರು ಮೂರು ಬಾರಿ ಸಂಜೆಗೆ ಬರುತ್ತಾನೆ. ಒಂದು ದಿನ ಮಂಜು ಕವಿದರೆ ಮಾರನೆಯ ದಿನವೂ ಹೋಗಿ. ಚುಕ್ಕಿ ಬೆಟ್ಟದ ಹಿಂದೆ ಇಳಿಯುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.