ಪರದೆ ಎಳೆಯುತ್ತಿದ್ದ ಹುಡುಗ

ನಮಸ್ಕಾರ ಕೇಳುಗರೇ.

ಇವತ್ತು ಡಿಸೆಂಬರ್ 16, ವಿಜಯ ದಿವಸ. 1971ರಲ್ಲಿ ಇದೇ ದಿನ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸುಮಾರು 93 ಸಾವಿರ ಮಂದಿ ಸೆರೆಯಾದರು. ಬಾಂಗ್ಲಾದೇಶ ಹುಟ್ಟಿತು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ ಎರಡೇ ವಾರದಲ್ಲಿ ಮುಗಿದುಹೋಯಿತು. ಅದರಲ್ಲಿ ತೀರಿಕೊಂಡವರಲ್ಲಿ ನಮ್ಮಣ್ಣನೂ ಒಬ್ಬ. ಮಂಡ್ಯ ತಾಲ್ಲೂಕಿನ ಹುಡುಗ. 22 ವರ್ಷ. ನಾವೆಲ್ಲ ಅವನನ್ನು ಅಣ್ಣಯ್ಯ ಅಂತಿದ್ದೆವು.

ಅವನು ಹೇಗೆ ಸತ್ತ ಅನ್ನೋದನ್ನು ಊರವರು ಬಹಳ ಸಲ ಹೇಳಿದ್ದಾರೆ. ಹೇಗಿದ್ದ ಅನ್ನೋದನ್ನು ಹೇಳೋರು ಕಡಿಮೆಯಾಗುತ್ತಾ ಬಂದಿದ್ದಾರೆ. ಹೋದ ವರ್ಷ ಊರಲ್ಲಿ ಅವನ ಹೆಸರಿನಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಮೈಕು ಹಿಡಿದ ಹುಡುಗ ತುಂಬಾ ಅಭಿಮಾನದಿಂದಲೇ ಹೇಳಿದ, "ಊರಿನ ನಾಟಕದಲ್ಲಿ ಅಭಿಮನ್ಯು ಪಾತ್ರ ಕಟ್ಟುತ್ತಿದ್ದ ಈ ವೀರ, ಕೊನೆಗೆ ಅಭಿಮನ್ಯುವಿನ ಹಾಗೇ ಪ್ರಾಣ ಕೊಟ್ಟ" ಅಂತ. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಕರುಳು ಕಿವುಚಿದ ಹಾಗಾಯಿತು.

ಯಾಕೆ ಅಂದರೆ ಅಣ್ಣಯ್ಯ ಯಾವತ್ತೂ ಅಭಿಮನ್ಯು ಮಾಡಲಿಲ್ಲ. ಅವನಿಗೆ ಕಂಠವೇ ಇರಲಿಲ್ಲ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ಕಂಠ ಇರಬೇಕು, ಬೆಳಗಿನ ಜಾವದವರೆಗೂ ಹಾಡಬೇಕು. ಹಾರ್ಮೋನಿಯಂ ಮೇಷ್ಟ್ರು ಅವನ ಕೈಲಿ ಒಂದು ಪದ್ಯ ಹಾಡಿಸಿ ನೋಡಿ, "ನೀನು ಪರದೆ ನೋಡ್ಕೋ ಮಗ" ಅಂದರಂತೆ. ಅವನು ಪರದೆ ನೋಡಿಕೊಂಡ. ಪೆಟ್ರೊಮ್ಯಾಕ್ಸ್‌ಗೆ ಗಾಳಿ ಹೊಡೆದ. ಗದೆಗೆ ಬೇಗಡೆ ಕಾಗದ ಅಂಟಿಸಿದ. ಆದರೆ ಎಲ್ಲರ ಮಾತೂ ಅವನಿಗೆ ಬಾಯಿಪಾಠ. ದುರ್ಯೋಧನ ಮಾತು ಮರೆತು ನಿಂತರೆ ಪಕ್ಕದಿಂದ ಪಿಸುಗುಟ್ಟುತ್ತಿದ್ದ. ಆ ಪಿಸುಮಾತು ಮುಂದಿನ ಚಾಪೆಯಲ್ಲಿ ಕೂತಿದ್ದ ನಮಗೆಲ್ಲ ಕೇಳುತ್ತಿತ್ತು. ನಾವು ಮಕ್ಕಳು ದುರ್ಯೋಧನನಿಗಿಂತ ಮೊದಲೇ ಅದನ್ನು ಕೂಗಿಬಿಡುತ್ತಿದ್ದೆವು.

ಇಂಥ ಹುಡುಗ ಅವನು. ಅವನನ್ನು ಅಭಿಮನ್ಯು ಮಾಡಿಬಿಟ್ಟರೆ ಆ ಪರದೆ ಎಳೆದವನು ಎಲ್ಲಿ ಹೋದ?

ನಮ್ಮದು ವಿಶ್ವೇಶ್ವರಯ್ಯ ನಾಲೆ ಬಯಲಿನ ಊರು. ಕಬ್ಬು, ಭತ್ತ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಎತ್ತಿನಗಾಡಿಯಲ್ಲಿ ಕಬ್ಬು ಹೋಗುತ್ತಿತ್ತು. ಅಪ್ಪನಿಗೆ ಉಬ್ಬಸ, ಹಾಗಾಗಿ ಗಾಡಿ ಹೂಡುತ್ತಿದ್ದವನು ಅಣ್ಣಯ್ಯ. ಗಾಡಿಗಳ ಸಾಲಿನಲ್ಲಿ ರಾತ್ರಿಯೆಲ್ಲ ಕಾಯಬೇಕು. ಕಬ್ಬಿನ ಹೇರಿನ ಮೇಲೇ ಕಂಬಳಿ ಹೊದ್ದು ಮಲಗುತ್ತಿದ್ದ. ತೂಕ ಮುಗಿಸಿ ಬರುವಾಗ ನನಗೆ ಪೇಟೆಯಿಂದ ಬತ್ತಾಸು ತರುತ್ತಿದ್ದ. ಒಂದು ಸಲ ತರೋದು ಮರೆತ. ನಾನು ಅತ್ತೆ. ಊಟಕ್ಕೂ ಕೂರದೆ ಸೈಕಲ್ ಹತ್ತಿ ವಾಪಸ್ ಹೋದ. ಅವ್ವ ಬೈದದ್ದು ನನಗೆ, ಅವನಿಗಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಸೇನೆಗೆ ಸೇರಿದ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆಯಲ್ಲ, ಅಲ್ಲೇ ತರಬೇತಿ. ಹೆಸರು ಮದ್ರಾಸಿನದಾದರೂ ದಕ್ಷಿಣದ ಎಲ್ಲ ರಾಜ್ಯದ ಹುಡುಗರೂ ಅದರಲ್ಲಿದ್ದಾರೆ. ಸೇನೆಯವರು ಅವರನ್ನು ಪ್ರೀತಿಯಿಂದ ತಂಬಿಗಳು ಅಂತ ಕರೆಯುತ್ತಾರೆ. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯೋದು ಅವರ ಕೆಲಸ.

ಅಲ್ಲಿಂದ ಕಾಗದ ಬರುತ್ತಿತ್ತು. ಅಪ್ಪ, ಅವ್ವ ಇಬ್ಬರಿಗೂ ಓದು ಬಾರದು. ಓದಿ ಹೇಳುತ್ತಿದ್ದವಳು ನಾನು. "ತೀರ್ಥರೂಪ ತಂದೆಯವರ ಪಾದಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ" ಅಂತ ಶುರು. ತಾನೆಲ್ಲಿದ್ದೇನೆ ಅಂತ ಬರೆಯೋ ಹಾಗಿರಲಿಲ್ಲ. ವಿಳಾಸದಲ್ಲಿ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ, ಅಂತ ಅಷ್ಟೇ. ಆಮೇಲೆ ಬರೀ ವಿಚಾರಣೆ. ಕಬ್ಬು ಕಟಾವಾಯಿತಾ? ಬಿಳಿ ಎತ್ತಿನ ಕಾಲು ಹೇಗಿದೆ? ಇಲ್ಲಿ ಚಪಾತಿ ತಿಂದು ತಿಂದು ಬೇಜಾರು, ಒಂದು ಮುದ್ದೆ, ಉಪ್ಸಾರು ಸಿಕ್ಕಿದರೆ ಸಾಕು. ತಂಗಿಯನ್ನು ಸ್ಕೂಲು ಬಿಡಿಸಬೇಡಿ. ಈ ಕೊನೆಯ ಮಾತು ಪ್ರತಿ ಕಾಗದದಲ್ಲೂ ಇರುತ್ತಿತ್ತು. ನಾನು ಅದನ್ನು ಸ್ವಲ್ಪ ಗಟ್ಟಿಯಾಗೇ ಓದುತ್ತಿದ್ದೆ. ಮುಂದೆ ಮೈಸೂರಿನಲ್ಲಿ ಕಾಲೇಜು ಓದಿದೆ, ಟೀಚರ್ ಆದೆ. ಅದು ಅವನು ಬರೆದ ಕಾಗದಗಳಿಂದಲೇ ಆದದ್ದು.

ತಂತಿ ಬಂತು. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಆಗಿನ ಕಾಲದಲ್ಲಿ ದೇಹ ಮನೆಗೆ ಬರುತ್ತಿರಲಿಲ್ಲ. ಯುದ್ಧ ನಡೆದ ಕಡೆಯೇ ಸಂಸ್ಕಾರ ಮಾಡುತ್ತಿದ್ದರು. ಊರೂರಿಗೆ ದೇಹ ಕಳಿಸೋ ಪದ್ಧತಿ ಬಂದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ನಮಗೆ ಬಂದದ್ದು ಕಪ್ಪು ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಒಳಗೆ ಮಡಿಸಿದ ಬಟ್ಟೆ, ಶೇವಿಂಗ್ ಸೆಟ್ಟು, ಅರ್ಧ ಸವೆದ ಮೈಸೂರ್ ಸ್ಯಾಂಡಲ್ ಸೋಪು, ನನ್ನ ಕೈಬರಹದ ಕಾಗದಗಳು. ದೇಹ ನೋಡದೆ ಹೇಗೆ ನಂಬಲಿ ಅಂತ ಅವ್ವ ಬಹಳ ಕಾಲ ಅನ್ನುತ್ತಿದ್ದಳು. ರಾತ್ರಿ ಬಾಗಿಲಿಗೆ ಅಗುಳಿ ಹಾಕೋಕೆ ಬಿಡುತ್ತಿರಲಿಲ್ಲ.

ಅವ್ವ ನಂಬಿದ್ದು ಒಬ್ಬ ಗೆಳೆಯ ಬಂದ ಮೇಲೆ. ತಮಿಳುನಾಡಿನವರು, ಅಣ್ಣಯ್ಯನ ಜೊತೆಯಲ್ಲೇ ಇದ್ದವರು. ರಜೆಯಲ್ಲಿ ತಮ್ಮ ಮನೆಗೆ ಹೋಗೋ ಮೊದಲು ನಮ್ಮ ಮನೆ ಹುಡುಕಿಕೊಂಡು ಬಂದರು. ಅರ್ಧ ತಮಿಳು, ಅರ್ಧ ಕನ್ನಡ. ಜಗಲಿಯಿಂದ ಇಳಿದು ಅಂಗಳದಲ್ಲಿ ಮಂಡಿಯೂರಿ ಕೂತು, ಒಂದು ಕಡ್ಡಿ ತೆಗೆದುಕೊಂಡು ಮೈನ್ ತೆಗೆಯೋದು ಹೇಗೆ ಅಂತ ಅವ್ವನಿಗೆ ತೋರಿಸಿದರು. ಕಬ್ಬಿಣದ ಸಲಾಕೆಯನ್ನು ನೆಟ್ಟಗೆ ಚುಚ್ಚಬಾರದು ಅಮ್ಮ, ಓರೆಯಾಗಿ ಹೀಗೆ ಚುಚ್ಚಬೇಕು. ಮೇಲಿನಿಂದ ಒತ್ತಿದರೆ ಸಿಡಿಯುತ್ತೆ, ಪಕ್ಕದಿಂದ ತಾಗಿದರೆ ಸಾಮಾನ್ಯವಾಗಿ ಸಿಡಿಯಲ್ಲ. ಗಟ್ಟಿಯಾಗಿ ಏನಾದರೂ ತಗುಲಿದರೆ ಕೈಯಿಂದ ಮಣ್ಣು ಬಿಡಿಸಬೇಕು. ಆಮೇಲೆ ಇಷ್ಟೇ ಇಷ್ಟು ಮುಂದಕ್ಕೆ. ದೊಡ್ಡ ಮೈನ್ ಟ್ಯಾಂಕಿಗೆ, ಮನುಷ್ಯನ ಭಾರಕ್ಕೆ ಸಿಡಿಯಲ್ಲ. ಆದರೆ ಅದನ್ನು ತೆಗೆಯೋಕೆ ಬರೋರಿಗೇ ಅಂತ ನಡುನಡುವೆ ಚಿಕ್ಕವನ್ನು ಹೂತಿರುತ್ತಾರೆ. ತೆಗೆದ ಜಾಗಕ್ಕೆ ಬಿಳಿ ಪಟ್ಟಿ ಎಳೆಯಬೇಕು, ಆ ಪಟ್ಟಿ ನೋಡಿಕೊಂಡು ಟ್ಯಾಂಕು ಬರುತ್ತೆ. ಇದೆಲ್ಲ ಕತ್ತಲಲ್ಲಿ, ಮೇಲಿಂದ ಶೆಲ್ ಬೀಳುತ್ತಿರುವಾಗ.

ಅದು ಪಶ್ಚಿಮದ ಗಡಿಯಾಚೆ, ಪಾಕಿಸ್ತಾನದ ಶಕರ್‌ಗಢ ಕಡೆಯ ಬಸಂತರ್ ನದಿ. ಡಿಸೆಂಬರ್ 15ರ ರಾತ್ರಿ ನಮ್ಮ ಪದಾತಿ ದಳ ನದಿ ದಾಟಿತು. ಹಿಂದೆಯೇ ಟ್ಯಾಂಕುಗಳು ಹೋಗಬೇಕಿತ್ತು. ದಾರಿ ಇನ್ನೂ ಪೂರ್ತಿ ಆಗಿರಲಿಲ್ಲ. ಪೂನಾ ಹಾರ್ಸ್ ದಳದ ಟ್ಯಾಂಕುಗಳು ಕಾಯದೆ ಹಾಗೇ ನುಗ್ಗಿದವು. ಮರುದಿನದ ಟ್ಯಾಂಕ್ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತೀರಿಕೊಂಡರು. ಅವರಿಗೆ ಪರಮವೀರ ಚಕ್ರ ಬಂತು. ಅವರಿಗಿನ್ನೂ 21 ವರ್ಷ. ಅಣ್ಣಯ್ಯ ಅದಕ್ಕೂ ಮೊದಲೇ, ಆ ರಾತ್ರಿಯೇ, ಶೆಲ್ ಚೂರು ತಗುಲಿ ಹೋಗಿದ್ದ. ಪಶ್ಚಿಮದಲ್ಲಿ ಕದನವಿರಾಮ ಆದದ್ದು 17ರ ಸಂಜೆ.

ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಆ ರಾತ್ರಿ ಉಂಡಿದ್ದನಾ?" ಉಂಡಿದ್ದ ಅಮ್ಮ, ಅಂದರು ಅವರು. ಆವತ್ತಿನಿಂದ ಬಾಗಿಲಿಗೆ ಅಗುಳಿ ಬಿತ್ತು.

ನಮ್ಮ ನಾಡಿನಲ್ಲಿ ಹೋರಾಡಿ ಸತ್ತವರಿಗೆ ಕಲ್ಲು ನಿಲ್ಲಿಸೋದು ಹೊಸದೇನಲ್ಲ. ಊರಿಗೊಂದು ವೀರಗಲ್ಲು ಇದ್ದೇ ಇರುತ್ತೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವಲಿಂಗ. ಆ ಮನುಷ್ಯ ಬದುಕಿದ್ದಾಗ ಏನು ಇಷ್ಟಪಡುತ್ತಿದ್ದ ಅಂತ ಸಾಮಾನ್ಯವಾಗಿ ಯಾವ ಕಲ್ಲೂ ಹೇಳಲ್ಲ. ಹೇಳೋ ಒಂದು ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಕ್ಕಿತು, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹತ್ತನೇ ಶತಮಾನದ್ದು. ತಕ್ಕೋಲಂ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿ ಗೆದ್ದು ಬಂದ ಮಣಲೇರ ಅನ್ನೋ ಯೋಧನಿಗೆ ಅವನ ಅರಸರು, ಮೆಚ್ಚಿದೆ, ಏನು ಬೇಕೋ ಕೇಳು ಅಂದರು. ಅವನು ಕಾಳಿ ಅನ್ನೋ ನಾಯಿಯನ್ನು ಕೇಳಿದ. ಅದು ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಸತ್ತಾಗ ಅದಕ್ಕೇ ಕಲ್ಲು ನಿಲ್ಲಿಸಿದ. ಸಾವಿರ ವರ್ಷ ಆದ ಮೇಲೂ ಆ ಯೋಧನಿಗೆ ನಾಯಿ ಇಷ್ಟ ಅಂತ ನಮಗೆ ಗೊತ್ತು. ನೋಡಿ, ಅದೆಷ್ಟು ದೊಡ್ಡ ಭಾಗ್ಯ.

ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಆಗ ಕಲ್ಲಿನ ಮೇಲೆ ಹೊನ್ನಿನ ಅಕ್ಷರದಲ್ಲಿ 25,942 ಹೆಸರುಗಳಿದ್ದವು. ಅಲ್ಲಿ ಅಣ್ಣಯ್ಯನ ಹೆಸರು ನೋಡಿದೆ. ಸರ್ಕಾರ ತನ್ನ ಕೆಲಸ ಮಾಡಿದೆ, ನನಗೆ ಸಮಾಧಾನ ಇದೆ. ಆದರೆ ಬತ್ತಾಸಿಗೆ ಸೈಕಲ್ ಹತ್ತಿ ಹೋದದ್ದನ್ನು ದೆಹಲಿಯವರು ಬರೆಯೋಕೆ ಆಗಲ್ಲ. ಅದನ್ನು ನಾವೇ ಬರೆಯಬೇಕು, ಅದೂ ಬೇಗ. 1971ರಲ್ಲಿ 20 ವರ್ಷ ಇದ್ದವರಿಗೆ ಈಗ 70 ದಾಟಿದೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಟ್ರಂಕು ಇದ್ದರೆ ಇಳಿಸಿ. ಕಾಗದಗಳನ್ನು ಓದಿ. ಅವರ ಗೆಳೆಯರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಯುದ್ಧದ ವಿಷಯ ಬೇಡ. ಏನು ತಿನ್ನುತ್ತಿದ್ದರು, ಯಾರ ಜೊತೆ ಜಗಳ ಆಡಿದ್ದರು, ಅದನ್ನು ಕೇಳಿ.

ನಾನೂ ಹಾಗೇ ಮಾಡುತ್ತಿದ್ದೇನೆ. ಅಣ್ಣಯ್ಯನ ಜೊತೆ ಭರ್ತಿಗೆ ಹೋಗಿ, ಎದೆ ಅಳತೆ ಸಾಲದೆ ವಾಪಸ್ ಬಂದ ಒಬ್ಬರು ಊರಲ್ಲಿದ್ದಾರೆ. ಅವರ ಮಾತನ್ನು ನನ್ನ ಮೊಮ್ಮಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡ. ಭರ್ತಿಯ ದಿನ ಇಬ್ಬರೂ ಟಿಕೆಟ್ ಇಲ್ಲದೆ ರೈಲು ಹತ್ತಿ ಸಿಕ್ಕಿಬಿದ್ದದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಆ ಒಂದು ಕಥೆ ಹೇಳೋ ಹೊತ್ತಿಗೆ ಅವರಿಗೆ ಸುಸ್ತಾಯಿತು. "ಭಾನುವಾರ ಬಾರವ್ವ, ಮಿಕ್ಕಿದ್ದು ಹೇಳ್ತೀನಿ" ಅಂದಿದ್ದಾರೆ. ಈ ಭಾನುವಾರ ಹೋಗುತ್ತಿದ್ದೇವೆ.

ನಮಸ್ಕಾರ.